ಗೋಧಿಯೆಂಬ ಮುಸುರೆ

ಕಳೆದ ಚೈತ್ರ ನವರಾತ್ರಿಯಲ್ಲಿ ನೊಯ್ಡಾದ ಒಂದು ಹೋಟೆಲಿನಲ್ಲಿ ನಾನು ಸುಳ್ಳು ಹೇಳಿದೆ. ಜೊತೆಯಲ್ಲಿ ಹನ್ನೊಂದು ವರ್ಷದ ಮಗಳಿದ್ದಳು. ಅವಳಿಗೆ ಸೀಲಿಯಾಕ್ ರೋಗ. ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನು ಹೊಟ್ಟೆ ಸೇರಿದರೆ ಅವಳ ದೇಹ ತನ್ನದೇ ಸಣ್ಣಕರುಳಿನ ಒಳಪದರವನ್ನು ಹಾಳುಗೆಡವಿಕೊಳ್ಳುತ್ತದೆ. ಹಿಂದಿನ ತಿಂಗಳು ಅದೇ ಹೋಟೆಲಿನಲ್ಲಿ ಇದನ್ನೆಲ್ಲ ವಿವರಿಸಿ, ಬೇರೆ ಬಾಣಲೆಯಲ್ಲಿ ಪನೀರು ಮಾಡಿಕೊಡಬಹುದೇ ಎಂದು ಕೇಳಿದ್ದೆ. ‘ಸ್ವಲ್ಪ ತಗುಲಿದರೆ ಏನಾಗುತ್ತದೆ ಸರ್’ ಎಂದು ಪರಿಚಾರಕ ನಕ್ಕಿದ್ದ. ಈ ಬಾರಿ ನಾನು ಹೇಳಿದ್ದು ಎರಡೇ ಪದ: ಮಗುವಿಗೆ ವ್ರತ. ಅವನ ಮುಖಭಾವವೇ ಬದಲಾಯಿತು. ವ್ರತದ ಅಡುಗೆಗೆ ಒಲೆ ಬೇರೆ, ಪಾತ್ರೆ ಬೇರೆ, ಎಣ್ಣೆ ಬೇರೆ, ಸೌಟೂ ಬೇರೆ ಎಂದು ಅವನೇ ಮುಂದಾಗಿ ಭರವಸೆ ಕೊಟ್ಟ. ಕುಟ್ಟು ಹಿಟ್ಟಿನ ಪೂರಿ, ಸಮಕ್ ಅಕ್ಕಿಯ ಪುಲಾವು (ಅದು ನಮ್ಮ ಊದಲು), ಆಲೂಗಡ್ಡೆ ಪಲ್ಯ, ಸಬ್ಬಕ್ಕಿ ಪಾಯಸ ಬಂದವು. ಮಗಳು ಹೊಟ್ಟೆ ತುಂಬ ಉಂಡಳು. ಮರಳುವಾಗ ಮೆಟ್ರೋದಲ್ಲಿ, ‘ಅಪ್ಪಾ, ನಾನು ಯಾವಾಗ ವ್ರತ ಹಿಡಿದೆ?’ ಎಂದು ಕೇಳಿದಳು. ನಾನು ಕಿಟಕಿಯ ಹೊರಗೆ ನೋಡಿದೆ.

ಊರಿನ ಬಂಧುಗಳಿಗೆ ಈ ರೋಗದ ಹೆಸರೇ ಹೊಸದು. ದೆಹಲಿಯ ನೀರಿನಿಂದ ಬಂತೆಂದು ಒಬ್ಬರು, ಪಿಜ್ಜಾದಿಂದ ಬಂತೆಂದು ಇನ್ನೊಬ್ಬರು. ಅವರ ಅಪರಿಚಯಕ್ಕೆ ಕಾರಣವಿಲ್ಲದಿಲ್ಲ. 2016ರಲ್ಲಿ ಪ್ರಕಟವಾದ, ದೇಶದ ಮೂರು ಪ್ರದೇಶಗಳನ್ನು ಹೋಲಿಸಿದ ಅಧ್ಯಯನವೊಂದರಲ್ಲಿ ರಕ್ತದಲ್ಲಿ ಸೀಲಿಯಾಕ್ ಸೂಚಿಸುವ ಪ್ರತಿಕಾಯಗಳಿದ್ದವರ ಪ್ರಮಾಣ ಉತ್ತರದಲ್ಲಿ ಶೇ. 1.23, ಈಶಾನ್ಯದಲ್ಲಿ ಶೇ. 0.87, ದಕ್ಷಿಣದಲ್ಲಿ ಶೇ. 0.10 ಎಂದು ಕಂಡುಬಂದಿತ್ತು. ಎದ್ದು ಕಾಣುವ ವ್ಯತ್ಯಾಸ ತಿನ್ನುವ ಗೋಧಿಯ ಪ್ರಮಾಣದ್ದು. ಉತ್ತರದಲ್ಲಿ ನೂರಕ್ಕೊಬ್ಬರಿಗೆ ಇರುವ ರೋಗವೆಂದರೆ, ಕರೋಲ್ ಬಾಗಿನ ಯಾವುದೇ ಗಿಜಿಗುಡುವ ಭೋಜನಶಾಲೆಯಲ್ಲಿ ಅಂಥವರೊಬ್ಬರು ಕುಳಿತಿರುತ್ತಾರೆ. ಹೆಚ್ಚಿನವರಿಗೆ ಅದು ತಮಗಿದೆಯೆಂದೇ ತಿಳಿದಿರುವುದಿಲ್ಲ.

ಇಲ್ಲಿನ ಆಡುಮಾತಿನಲ್ಲಿ ಇದಕ್ಕೆ ‘ಗೇಹೂಂ ಕೀ ಎಲರ್ಜಿ’ ಎಂದು ಹೆಸರು. ಈ ಹೆಸರೇ ಅರ್ಧ ಅನಾಹುತಕ್ಕೆ ಮೂಲ. ಅಲರ್ಜಿಯೆಂದರೆ ನಾಲ್ಕು ಸೀನು, ಒಂದಿಷ್ಟು ತುರಿಕೆ, ಒಂದು ಮಾತ್ರೆ ಎಂದು ಜನ ಭಾವಿಸುತ್ತಾರೆ. ಇದಕ್ಕೆ ಮಾತ್ರೆಯಿಲ್ಲ, ಜೀವನಪೂರ್ತಿ ಗ್ಲುಟೆನ್ ಬಿಡುವುದೊಂದೇ ಚಿಕಿತ್ಸೆ. ಗ್ಲುಟೆನ್‌ಮುಕ್ತವೆಂದು ಚೀಟಿ ಅಂಟಿಸಬೇಕಾದರೆ ಕಿಲೋ ಆಹಾರದಲ್ಲಿ ಅದು 20 ಮಿಲಿಗ್ರಾಂ ಮೀರಬಾರದೆಂದು ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ. ಗೋಧಿಹಿಟ್ಟಿನ ಸುಮಾರು ಹತ್ತನೇ ಒಂದು ಪಾಲು ಗ್ಲುಟೆನ್ ಎಂದಿಟ್ಟುಕೊಂಡರೆ, ಕಿಲೋ ಪಲ್ಯಕ್ಕೆ ಕಾಲು ಗ್ರಾಮು ಹಿಟ್ಟು ಬಿದ್ದರೂ ಮಿತಿ ದಾಟಿತು. ರೊಟ್ಟಿ ತಟ್ಟುವವನ ಅಂಗೈಗೆ ಮೆತ್ತಿಕೊಂಡಿರುವುದೇ ಅದಕ್ಕಿಂತ ಹೆಚ್ಚು. ಆದ್ದರಿಂದ ಖಾದ್ಯದ ಹೆಸರು ನೋಡಿ ಆರಿಸುವುದು ವ್ಯರ್ಥ. ಮೆಕ್ಕೆಜೋಳದ ರೊಟ್ಟಿ ಹರಿಯದಿರಲೆಂದು ಅದಕ್ಕೆ ಒಂದು ಹಿಡಿ ಗೋಧಿಹಿಟ್ಟು ಬೆರೆಸುವವರಿದ್ದಾರೆ. ಪನೀರ್ ಟಿಕ್ಕಾ ಬೇಯುವುದು ನಾನ್ ಬೇಯುವ ತಂದೂರಿನಲ್ಲಿ. ಕಡಲೆಹಿಟ್ಟಿನ ಪಕೋಡ ಸಮೋಸದ ಎಣ್ಣೆಯಲ್ಲಿ ಮುಳುಗಿ ಏಳುತ್ತದೆ. ದಾಲ್ ಗಟ್ಟಿಯಾಗಲು ಮೈದಾ ಕಲಸಿದ ನೀರು ಸುರಿದರೆ ನಾಲಿಗೆಗೆ ತಿಳಿಯುವುದಿಲ್ಲ.

‘ನೀವು ದಕ್ಷಿಣದವರು, ಇಡ್ಲಿ ದೋಸೆ ತಿಂದುಕೊಂಡಿರಿ’ ಎಂಬುದು ನೆರೆಹೊರೆಯವರ ಉಪದೇಶ. ನಾನೂ ಹಾಗೇ ನಂಬಿ, ದಕ್ಷಿಣ ದೆಹಲಿಯ ಒಂದು ಹೋಟೆಲಿನ ಒಳಗೆ ಹೋಗಿ, ಕುಂದಾಪುರ ಕಡೆಯ ಅಡುಗೆಭಟ್ಟರೊಡನೆ ಕನ್ನಡದಲ್ಲೇ ಮಾತಾಡಿದೆ. ‘ಇಡ್ಲಿ ಅಕ್ಕಿದೇ ಮಾರಾಯ್ರೇ, ಹೆದ್ರಬೇಡಿ’ ಎಂದರು. ಇಡ್ಲಿ ನಿಜಕ್ಕೂ ಅಕ್ಕಿಯದೇ. ಆದರೆ ಮಸಾಲೆದೋಸೆ ಹುಯ್ಯುವ ಕಲ್ಲಿನ ಮೇಲೆ ಅರೆಗಳಿಗೆಯ ಹಿಂದೆ ರವಾದೋಸೆ ಬೆಂದಿತ್ತು. ಎರಡಕ್ಕೂ ನಡುವೆ ನೀರು ಚಿಮುಕಿಸಿ ಅದೇ ಪೊರಕೆಯಲ್ಲಿ ಒರೆಸಿದ್ದು. ನಮ್ಮ ಭಾಷೆಯಲ್ಲಿ ಅಕ್ಕಿಯ ನುಚ್ಚಿಗೂ ರವೆ, ಗೋಧಿಯದಕ್ಕೂ ರವೆ. ಸಾಂಬಾರಿನ ಇಂಗನ್ನು ಕೇಳಿದೆ. ಡಬ್ಬಿ ತಂದು ತೋರಿಸಿದರು. ಘಟಕಗಳ ಪಟ್ಟಿಯಲ್ಲಿ ಗೋಧಿಹಿಟ್ಟು ಇತ್ತು. ಅಂಗಡಿಯ ಇಂಗಿನ ಪುಡಿಯೆಂದರೆ ಬಹುಪಾಲು ಹೀಗೇ, ಗೋಂದು ಹಿಟ್ಟುಗಳೊಡನೆ ಕಲಸಿದ್ದು. ಮನೆಯ ಒಂದು ಚಿಟಿಕೆ ಲೆಕ್ಕಕ್ಕೆ ಬಾರದಿರಬಹುದು, ಆದರೆ ಹೋಟೆಲಿನ ಕೈ ಚಿಟಿಕೆಯ ಕೈಯಲ್ಲ. ಮೂವತ್ತು ವರ್ಷ ಸಾಂಬಾರು ಮಾಡಿದ ಆ ಭಟ್ಟರು ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಅಂದಿನಿಂದ ನಾವು ಹೋದರೆ ಮಗಳಿಗೆ ಹೊಸ ತಟ್ಟೆಯ ಇಡ್ಲಿ, ಒಗ್ಗರಣೆ ಬೀಳದ ಚಟ್ನಿ ತಾವೇ ತಂದಿಡುತ್ತಾರೆ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದೆ ಬೆಂಗಳೂರಿನ ಎಂ.ಟಿ.ಆರ್. ರವೆ ಇಡ್ಲಿಯನ್ನು ರೂಪಿಸಿತೆಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಅದೇ ಯುದ್ಧದ 1944–45ರ ಚಳಿಗಾಲದಲ್ಲಿ ನೆದರ್ಲೆಂಡ್ಸಿನಲ್ಲಿ ಬ್ರೆಡ್ಡಿಗೆ ಬರ ಬಂದಾಗ ಸೀಲಿಯಾಕ್ ಮಕ್ಕಳು ಚೇತರಿಸಿಕೊಂಡದ್ದು ವಿಲ್ಲೆಮ್ ಡಿಕ್ಕೆ ಎಂಬ ಮಕ್ಕಳ ವೈದ್ಯರ ಹಳೆಯ ಗುಮಾನಿಯನ್ನು ಬಲಪಡಿಸಿತು. 1950ರಲ್ಲಿ ಅವರು ತಮ್ಮ ಪ್ರಬಂಧದಲ್ಲಿ ಗೋಧಿಯತ್ತ ಬೆರಳು ತೋರಿಸಿದರು. ಒಂದೇ ಯುದ್ಧ ಒಂದೆಡೆ ಇಡ್ಲಿಗೆ ಗೋಧಿಯನ್ನು ತಂದಿತು, ಇನ್ನೊಂದೆಡೆ ಮಕ್ಕಳ ತಟ್ಟೆಯಿಂದ ಗೋಧಿಯನ್ನು ತೆಗೆಯಿತು.

ನನ್ನನ್ನು ಕಾಡುವ ಸಂಗತಿ ಬೇರೆಯದು. ನಮ್ಮ ದೇಶದ ಅಡುಗೆಮನೆಗೆ ಬೇರ್ಪಡಿಸುವುದು ಬಾರದೆಂದು ಯಾರೂ ಹೇಳಲಾರರು. ಪೊಟ್ಟಣದ ಮೇಲೆ ಹಸಿರು ಚುಕ್ಕೆಯಿದೆ. ಈರುಳ್ಳಿ ಬೆಳ್ಳುಳ್ಳಿಯಿಲ್ಲದ ಜೈನ ಪಲ್ಯ ಕೇಳಿದರೆ ಮರುಮಾತಿಲ್ಲ. ನನ್ನ ಅಜ್ಜಿ ಅನ್ನದ ಪಾತ್ರೆ ಮುಟ್ಟಿದ ಕೈಯನ್ನು ತೊಳೆಯದೆ ಮೊಸರಿನ ಪಾತ್ರೆ ಮುಟ್ಟುತ್ತಿರಲಿಲ್ಲ, ಅದು ಮುಸುರೆ. ಸೀಲಿಯಾಕ್ ರೋಗಿಯ ಅಡುಗೆಮನೆಯನ್ನು ಅಜ್ಜಿಗೆ ವಿವರಿಸಬೇಕಿದ್ದರೆ ‘ಗೋಧಿ ಮುಸುರೆ’ ಎಂಬ ಎರಡು ಪದ ಸಾಕಾಗುತ್ತಿತ್ತು. ಆದರೆ ಆ ಪದವನ್ನು ಎತ್ತಿಕೊಳ್ಳಲು ನನಗೆ ಕೈ ನಡುಗುತ್ತದೆ. ಅದೇ ಅಜ್ಜಿಯ ಮಡಿಯಲ್ಲಿ ಪಾತ್ರೆಗಳಷ್ಟೇ ಬೇರೆಯಿರಲಿಲ್ಲ, ಹಿತ್ತಿಲಲ್ಲಿ ನಿಂತು ನೀರು ಕೇಳುವ ಮನುಷ್ಯರೂ ಬೇರೆಯಿದ್ದರು. ದೇವರ ಹೆಸರಿನಲ್ಲಿ, ಜಾತಿಯ ಹೆಸರಿನಲ್ಲಿ ಪ್ರತ್ಯೇಕ ಸೌಟು ಹಿಡಿಯಬಲ್ಲ ಸಮಾಜ, ಮಗುವಿನ ಕರುಳಿಗಾಗಿ ಕೇಳಿದರೆ ‘ಸ್ವಲ್ಪಕ್ಕೆ ಏನಾಗುತ್ತದೆ’ ಎನ್ನುತ್ತದೆ. ನಾನು ವ್ರತವೆಂದು ಹೇಳಿದಾಗ ಈ ಏರ್ಪಾಡಿಗೆ ತಲೆಬಾಗಿದೆ, ಮಗಳ ಕೈಯಲ್ಲೂ ತಲೆಬಾಗಿಸಿದೆ.

ಸುಳ್ಳಿನಲ್ಲಿ ಅಪಾಯವೂ ಇತ್ತು. ಕುಟ್ಟು ಬೀಸಿದ ಗಿರಣಿಯಲ್ಲಿ ಮೊದಲು ಗೋಧಿ ಬೀಸಿದ್ದರೆ ವ್ರತಕ್ಕೆ ಭಂಗವೆಂದು ಎಷ್ಟು ಮಂದಿ ಎಣಿಸುತ್ತಾರೆ? ಮಂಗಳವಾರದ ವ್ರತದವರಂತೂ ಗೋಧಿ ಬೆಲ್ಲವನ್ನೇ ಉಣ್ಣುತ್ತಾರೆ. ವ್ರತದ ನಿಯಮ ಪುಣ್ಯಕ್ಕೆ ಮಾಡಿದ್ದು, ಕರುಳಿಗೆ ಮಾಡಿದ್ದಲ್ಲ.

ಹಾಗಾದರೆ ಬೇಕಾದದ್ದೇನು? ಗುರುಗ್ರಾಮದ ಕೆಫೆಗಳಲ್ಲಿ ದುಪ್ಪಟ್ಟು ಬೆಲೆಗೆ ಸಿಗುವ, ತೂಕ ಇಳಿಸುವ ಶೋಕಿಯವರ ‘ಗ್ಲುಟೆನ್ ಫ್ರೀ’ ಕೇಕು ನನಗೆ ಬೇಡ. ಅದು ಬೇಯುವುದೂ ಹಲವೆಡೆ ಮೈದಾ ಕೇಕಿನ ಒಲೆಯಲ್ಲೇ. ಹತ್ತು ಅಥವಾ ಹೆಚ್ಚು ಕಡೆ ಶಾಖೆಗಳಿರುವ ಹೋಟೆಲುಗಳು ಅಲರ್ಜಿಕಾರಕಗಳ ಮಾಹಿತಿ ತಿಳಿಸಬೇಕೆಂದು 2020ರ ನಿಯಮಾವಳಿ ಹೇಳುತ್ತದೆ. ಒಳ್ಳೆಯದೇ. ಆದರೆ ನಾವು ಉಣ್ಣುವ ಬಹುಪಾಲು ಹೋಟೆಲುಗಳಿಗೆ ಒಂದೇ ಬಾಗಿಲು, ಒಂದೇ ತಂದೂರು. ಅವರಲ್ಲಿ ನಾನು ಕೇಳುವುದು ಒಂದು ಪ್ರಾಮಾಣಿಕ ಉತ್ತರ ಮಾತ್ರ. ಆಗುತ್ತದೆಯೋ, ಇಲ್ಲವೋ. ‘ಹೌದು ಹೌದು, ಚಿಂತೆ ಬೇಡ’ ಎಂಬ ಔದಾರ್ಯದಿಂದಲೇ ನಾವು ಹೆಚ್ಚು ರಾತ್ರಿಗಳನ್ನು ಎಚ್ಚರವಾಗಿ ಕಳೆದಿದ್ದೇವೆ.

ಮೊನ್ನೆ ಭಾನುವಾರ ಮಯೂರ ವಿಹಾರದ ಒಂದು ಸಣ್ಣ ಢಾಬಾದಲ್ಲಿ ಮಗಳು ತಾನೇ ಮಾತಾಡಿದಳು. ‘ಭೈಯಾ, ನನಗೆ ಕಾಯಿಲೆಯಿದೆ. ಗೋಧಿ ಸ್ವಲ್ಪವೂ ತಗುಲಬಾರದು’ ಎಂದಳು. ವ್ರತದ ಮಾತೆತ್ತಲಿಲ್ಲ. ಆತ ಒಳಗೆ ಹೋಗಿ ಅಡುಗೆಯವನನ್ನು ವಿಚಾರಿಸಿ ಬಂದು, ‘ಇಲ್ಲ ಬೇಟಾ, ನಮ್ಮಲ್ಲಿ ಎಲ್ಲದಕ್ಕೂ ಹಿಟ್ಟು ಹಾರುತ್ತದೆ. ಸೀಲು ಒಡೆಯದ ಮೊಸರಿನ ಡಬ್ಬಿಯಿದೆ, ಬಾಳೆಹಣ್ಣು ತರಿಸಿಕೊಡುತ್ತೇನೆ’ ಎಂದ. ಅವಳು ಅದನ್ನು ತಿಂದಳು, ನಾನು ಪರಾಠ ತಿಂದೆ. ಮೊಸರಿಗೆ ಆತ ಹಣ ತೆಗೆದುಕೊಳ್ಳಲಿಲ್ಲ.