ನದಿ ಎಲ್ಲಿದೆ ಸ್ವಾಮಿ, ದಂಡೆ ಮೇಲೆ ಸೈಕಲ್ ತುಳಿಯೋಕೆ?

ನಮ್ಮ ಜಿಲ್ಲೆಯಲ್ಲಿ ಪ್ರವಾಸೋದ್ಯಮದ ಮಾತು ಎದ್ದಾಗಲೆಲ್ಲ ಒಂದೇ ಪಲ್ಲವಿ. ನದಿ ದಂಡೆ, ಬೆಟ್ಟ, ಕೋಟೆ, ಗುಡಿ ಎಲ್ಲವನ್ನೂ ಸೇರಿಸಿ ಸೈಕಲ್ ದಾರಿ ಮಾಡಿ, ಬೆಂಗಳೂರಿನವರು ಬರುತ್ತಾರೆ, ಊರು ಉದ್ಧಾರವಾಗುತ್ತದೆ ಅಂತ. ಸೈಕಲ್ ಮೇಲೆ ನಮಗೆ ಸಿಟ್ಟಿಲ್ಲ. ಆದರೆ ಈ ಮಾತಾಡುವವರನ್ನು ಒಂದು ಕೇಳಬೇಕಿದೆ: ನದಿ ಎಲ್ಲಿದೆ?

ಕಾಗದದ ಮೇಲೆ ನಾವು ನದಿಗಳ ತವರಿನವರು. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಅರ್ಕಾವತಿ ಹುಟ್ಟುವುದು ನಂದಿ ಸೀಮೆಯಲ್ಲೇ. ಉತ್ತರ ಪಿನಾಕಿನಿ ಗೌರಿಬಿದನೂರು ದಾಟಿ ಆಂಧ್ರಕ್ಕೆ ಹೋಗಿ, ಸುಮಾರು 597 ಕಿ.ಮೀ. ಹರಿದು ಬಂಗಾಳ ಕೊಲ್ಲಿ ಸೇರುತ್ತದೆ ಅಂತ ಪುಸ್ತಕದಲ್ಲಿದೆ. ನಮ್ಮ ಕಡೆ ಮಾತ್ರ ವರ್ಷದ ಬಹುಪಾಲು ಅದು ಜಾಲಿ ಬೆಳೆದ ಹಳ್ಳ. ಮರಳು ಲಾರಿ ಹತ್ತಿತು. ಮರಳಿಲ್ಲದ ಹೊಳೆಯಲ್ಲಿ ನೀರು ಇಂಗುವುದಿಲ್ಲ, ಬಂದ ಮಳೆ ಓಡಿಹೋಗುತ್ತದೆ. ರಾಜಕಾಲುವೆ ಒತ್ತುವರಿಯಾಯಿತು, ಕೆರೆಗೆ ಹೂಳು ತುಂಬಿತು, ನೀಲಗಿರಿ ತೋಪು ಎದ್ದಿತು. ಉಳಿದ ನೀರನ್ನು ಸಾವಿರ ಅಡಿ ದಾಟಿದ ಬೋರ್‌ವೆಲ್‌ಗಳು ಎಳೆದವು.

2016ರ ಮಾರ್ಚ್‌ನಲ್ಲಿ ನಮ್ಮ ರೈತರು ಶಾಶ್ವತ ನೀರು ಕೇಳಿ ಟ್ರ್ಯಾಕ್ಟರ್ ಹತ್ತಿ ಬೆಂಗಳೂರಿಗೆ ಹೊರಟರು. ಪೊಲೀಸರು ತಡೆದರು. ನೀರು ಕೇಳಲು ಹೋದವರಿಗೆ ಅಡ್ಡಗಟ್ಟಿದ ಅದೇ ರಸ್ತೆಯಲ್ಲಿ, ನೋಟ ನೋಡಲು ಬರುವವರಿಗೆ ಹಸಿರು ಬಾವುಟವಂತೆ. ಆಮೇಲೆ ನಮಗೆ ಬಂದದ್ದೇನು? ಎಚ್.ಎನ್. ವ್ಯಾಲಿಯಿಂದ ಎರಡು ಹಂತ ಶುದ್ಧೀಕರಿಸಿದ ರಾಜಧಾನಿಯ ಕೊಳಚೆ ನೀರು. ಮೂರನೇ ಹಂತವನ್ನೂ ಮಾಡಿ ಕೊಡಿ ಅಂತ ಇವತ್ತಿಗೂ ಕೇಳುತ್ತಿದ್ದೇವೆ.

ಫ್ರಾನ್ಸಿನಲ್ಲಿ ಲೋರ್ ಅಂತ ಒಂದು ನದಿ. ಅದರ ಗುಂಟ ಸುಮಾರು 900 ಕಿ.ಮೀ. ಸೈಕಲ್ ದಾರಿ ಇದೆ, ಉದ್ದಕ್ಕೂ ಹಳೇ ಅರಮನೆ, ಕೋಟೆಗಳು. ನಮ್ಮವರು ಫೋಟೋ ತೋರಿಸುವುದು ಅಂಥ ಜಾಗದ್ದನ್ನೇ. ಅಲ್ಲಿ ನದಿ ಮೊದಲಿತ್ತು, ದಾರಿ ಆಮೇಲೆ ಬಂತು ಅನ್ನುವುದನ್ನು ಮಾತ್ರ ಹೇಳುವುದಿಲ್ಲ.

ನೋಡುವಂಥದ್ದು ನಮ್ಮಲ್ಲಿ ಕಡಿಮೆಯೇನಿಲ್ಲ. ನಂದಿಯ ಭೋಗನಂದೀಶ್ವರ, ಸರ್ ಎಂ.ವಿ. ಹುಟ್ಟಿದ ಮುದ್ದೇನಹಳ್ಳಿ, ಶಿಡ್ಲಘಟ್ಟದ ರೇಷ್ಮೆಗೂಡು ಮಾರುಕಟ್ಟೆ, ಚಿಂತಾಮಣಿ ಕಡೆ ಕೈವಾರ, ಅಂಬಾಜಿದುರ್ಗ. ಗೌರಿಬಿದನೂರು ಹತ್ತಿರದ ವಿದುರಾಶ್ವತ್ಥ, 1938ರ ಏಪ್ರಿಲ್ 25ರಂದು ಬಾವುಟಕ್ಕಾಗಿ ಜನ ಗುಂಡಿಗೆ ಎದೆಯೊಡ್ಡಿದ ನೆಲ. ಗುಡಿಬಂಡೆಯ ಬೈರೇಗೌಡನ ಕೋಟೆ ಹತ್ತಿದರೆ ಬಂಡೆಯಲ್ಲಿ ಮಳೆನೀರು ಹಿಡಿಯುವ ಕೊಳಗಳು ಕಾಣುತ್ತವೆ, ಕೆಳಗೆ ಬೈರಸಾಗರ ಕೆರೆ. ಒಬ್ಬ ಪಾಳೇಗಾರನಿಗೆ ಗೊತ್ತಿತ್ತು, ಕೋಟೆಗಿಂತ ಮೊದಲು ನೀರು ಬೇಕು ಅಂತ. ನಮ್ಮ ಯೋಜನೆ ಬರೆಯುವವರಿಗೆ ಗೊತ್ತಿಲ್ಲ.

‘ನದಿ ತುಂಬುವವರೆಗೆ ಏನೂ ಮಾಡಬಾರದಾ?’ ಅಂತ ಕೇಳುವವರಿದ್ದಾರೆ. ಮಾಡಿ. ಆದರೆ ಯಾರಿಗಾಗಿ ಅಂತ ಮೊದಲು ತೀರ್ಮಾನಿಸಿ. ಭಾನುವಾರ ಬೆಳಗಿನ ಜಾವ ನಂದಿಗೆ ಬರುವವರು ಬಿಸಿಲೇರುವ ಮೊದಲು ವಾಪಸ್. ವಾರದ ಆರು ದಿನ ಸೈಕಲ್ ತುಳಿಯುವವರು ನಮ್ಮ ಮಕ್ಕಳು, ಹಾಲು ಹಾಕುವವರು, ಕೂಲಿಗೆ ಹೋಗುವವರು. ಅವರ ಪಕ್ಕದಲ್ಲೇ ಜಲ್ಲಿ ತುಂಬಿದ ಟಿಪ್ಪರ್‌ಗಳು ಓಡುತ್ತವೆ. ಕ್ವಾರಿಗಳ ಬೆಲೆ ಏನೆಂದು 2021ರ ಫೆಬ್ರವರಿಯಲ್ಲಿ ಹಿರೇನಾಗವಲ್ಲಿಯ ಜಿಲೆಟಿನ್ ಸ್ಫೋಟ ತೋರಿಸಿತು. ಆರು ಜನ ಸತ್ತರು. ಇನ್ನು ಮಕ್ಕಳ ಸೈಕಲ್: 2006-07ರಿಂದ ಸರ್ಕಾರ 8ನೇ ತರಗತಿಯವರಿಗೆ ಉಚಿತವಾಗಿ ಕೊಡುತ್ತಿತ್ತು, ಕೋವಿಡ್ ನೆಪದಲ್ಲಿ ಅದನ್ನೇ ನಿಲ್ಲಿಸಿತು. ಮಕ್ಕಳಿಗೆ ಸೈಕಲ್ ಕೊಡಲಾಗದವರು ಪ್ರವಾಸಿಗರಿಗೆ ಸೈಕಲ್ ದಾರಿ ಮಾಡುತ್ತಾರೆ ಅಂದರೆ ನಗು ಬರುತ್ತದೆ.

ಆದ್ದರಿಂದ ನಾವು ಕೇಳುವುದು ಮೂರೇ. ಒಂದು, ರಾಜಕಾಲುವೆ ಬಿಡಿಸಿ, ಮರಳು ದಂಧೆ ನಿಲ್ಲಿಸಿ, ಕೆರೆಯಿಂದ ಕೆರೆಗೆ ನೀರು ಹರಿಯುವಂತೆ ಮಾಡಿ. ಎರಡು, ಸೈಕಲ್ ದಾರಿ ಮಾಡುವುದಾದರೆ ಶಾಲೆ, ಡೇರಿ, ಬಸ್ ಸ್ಟ್ಯಾಂಡ್ ಮುಂದೆಯೇ ಹಾಯಲಿ. ಪ್ರವಾಸಿಗರು ಅದೇ ದಾರಿಯಲ್ಲಿ ಬರಲಿ, ನಮ್ಮ ಹೋಟೆಲಲ್ಲೇ ತಿನ್ನಲಿ. ಮೂರು, ನಂದಿ, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿಗೆ ಆಗಲೇ ರೈಲಿದೆ. ಅದರಲ್ಲಿ ಸೈಕಲ್ ಹೇರಲು ಜಾಗ ಕೊಡಿ. ಊರೊಳಗೆ ಕಾರು ತುಂಬುವುದು ಅಷ್ಟು ಕಡಿಮೆಯಾಗುತ್ತದೆ.

ಮುಂದಿನ ಗ್ರಾಮಸಭೆಯಲ್ಲಿ ಯಾರಾದರೂ ಪ್ರವಾಸೋದ್ಯಮ ಅಂದರೆ ಸುಮ್ಮನೆ ಕೂರಬೇಡಿ. ನಮ್ಮೂರಿನ ರಾಜಕಾಲುವೆಯ ಸರ್ವೆ ಯಾವತ್ತು ಅಂತ ಕೇಳಿ. ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ. ಬಾಯಿಮಾತಿಗೆ ದಾಖಲೆ ಇರುವುದಿಲ್ಲ.