ಒಂದೇ ಪಾಠವನ್ನು ಎರಡು ಸಲ ಮಾಡಲು ಬಿಡಿ

ನನ್ನ ಬೋಧನಾಭ್ಯಾಸದ ಕಡತದಲ್ಲಿ ಅತಿ ಹೆಚ್ಚು ಅಂಕ ಬಂದಿರುವುದು ಎಂಟನೇ ತರಗತಿಯ ‘ಬೆಳಕು’ ಅಧ್ಯಾಯದ ಕಣ್ಣಿನ ರಚನೆಯ ಪಾಠಕ್ಕೆ. ‘ಚಾರ್ಟ್ ಆಕರ್ಷಕವಾಗಿದೆ. ವಿಷಯ ನಿರೂಪಣೆ ಉತ್ತಮ. ಧ್ವನಿ ಸ್ವಲ್ಪ ಏರಬೇಕು’ ಎಂದು ವೀಕ್ಷಣಾ ಪತ್ರದಲ್ಲಿ ಬರೆದಿದೆ. ಅದೇ ಸಂಜೆ ಮಕ್ಕಳ ನೋಟ್ ಪುಸ್ತಕ ತಿದ್ದಲು ಕುಳಿತೆ. 38 ಮಕ್ಕಳಲ್ಲಿ 21 ಮಕ್ಕಳು ಪಾಪೆ ಎಂದರೆ ‘ಕಣ್ಣಿನ ನಡುವೆ ಇರುವ ಕಪ್ಪು ಗುಂಡು’ ಎಂದು ಬರೆದಿದ್ದರು. ಹಿಂದಿನ ಬೆಂಚಿನ ಇಬ್ಬರು ಐರಿಸ್ ಮತ್ತು ಮಸೂರದ ಹೆಸರುಗಳನ್ನು ಬರೆದೇ ಇರಲಿಲ್ಲ. ಚಾರ್ಟ್‌ನಲ್ಲಿ ಅವೆರಡನ್ನೂ ನಾನು ಹಳದಿ ಸ್ಕೆಚ್ ಪೆನ್ನಿನಲ್ಲಿ ಬರೆದಿದ್ದೆ. ಬಿಳಿ ಹಾಳೆಯ ಮೇಲಿನ ಹಳದಿ ಅಕ್ಷರ ಅಲ್ಲಿಗೆ ಕಂಡಿರಲಿಲ್ಲ.

ಪಾಪೆ ಗುಂಡಲ್ಲ, ಅದೊಂದು ರಂಧ್ರ. ಐರಿಸ್‌ನ ನಡುವೆ ಬೆಳಕು ಒಳಗೆ ಹೋಗಲು ಇರುವ ದಾರಿ. ಬಾಯಲ್ಲಿ ಅದನ್ನೇ ಹೇಳಿದ್ದೆ. ಆದರೆ ಚಾರ್ಟ್‌ನಲ್ಲಿ ಎರಡು ಸಲ ಕಪ್ಪು ಪೋಸ್ಟರ್ ಕಲರ್ ಬಳಿದು, ಮಣಿಯಂತೆ ಹೊಳೆಯಲೆಂದು ಒಂದು ಬಿಳಿ ಚುಕ್ಕೆಯನ್ನೂ ಇಟ್ಟಿದ್ದೆ. ಮಕ್ಕಳು ನನ್ನ ಮಾತಿಗಿಂತ ನನ್ನ ಚಿತ್ರವನ್ನು ನಂಬಿದರು. ಅಂಕ ಬಂದದ್ದು ಆ ಚಿತ್ರಕ್ಕೇ.

ಹೆಚ್ಚು ನಾಚಿಕೆಯಾಗಲು ಇನ್ನೊಂದು ಕಾರಣವಿತ್ತು. ಬಿ.ಎಸ್ಸಿ. ಮುಗಿಸಿ ಬಿ.ಎಡ್. ಪ್ರವೇಶಕ್ಕೆ ಕಾಯುತ್ತಿದ್ದ ತಿಂಗಳುಗಳಲ್ಲಿ ಬೆಂಗಳೂರಿನ ಒಂದು ಸಂಸ್ಥೆಯಲ್ಲಿ ಹತ್ತು ವಾರಗಳ ವಿನ್ಯಾಸ ಪ್ರವೇಶ ಕೋರ್ಸ್ ಮಾಡಿದ್ದೆ. ‘ನಾನು ಡಿಸೈನ್ ಕಲಿತವಳು’ ಎಂಬ ಹೆಮ್ಮೆಯಿಂದಲೇ ಆ ಚಾರ್ಟ್‌ಗೆ ಎರಡು ರಾತ್ರಿ ಕಳೆದಿದ್ದೆ. ನೋಟ್ ಪುಸ್ತಕಗಳನ್ನು ಮುಚ್ಚಿಟ್ಟ ಮೇಲೆ, ಆ ಕೋರ್ಸ್‌ನಲ್ಲಿ ಕಲಿತದ್ದು ನಿಜವಾಗಿ ಏನು, ಅದನ್ನು ಇಲ್ಲಿಗೆ ಬಂದು ಮರೆತದ್ದು ಹೇಗೆ ಎಂದು ಯೋಚಿಸತೊಡಗಿದೆ. ಈ ಲೇಖನ ಅಲ್ಲಿಂದ ಹುಟ್ಟಿದ್ದು.

ವಿನ್ಯಾಸ ಎಂದರೆ ಅಂದಗೊಳಿಸುವುದು ಎಂದುಕೊಂಡು ನಾನು ಅಲ್ಲಿಗೆ ಹೋಗಿದ್ದೆ. ಮೊದಲ ದಿನ ಮೇಜಿನ ಮೇಲೆ ಒಂದು ಹಿತ್ತಾಳೆ ತಂಬಿಗೆ ಇಟ್ಟು, ‘ಇದನ್ನು ಬಿಡಿಸಬೇಡಿ, ಇದರ ಬಗ್ಗೆ ಪ್ರಶ್ನೆ ಬರೆಯಿರಿ’ ಎಂದರು. ಎಷ್ಟು ನೀರು ಹಿಡಿಯಬೇಕು? ಹಿಡಿಯುವ ಕೈ ಯಾರದು, ಎಷ್ಟು ದೊಡ್ಡದು? ತುಂಬಿದಾಗ ಭಾರ ಎಲ್ಲಿ ಬೀಳುತ್ತದೆ? ಒಳಗೆ ಕೈ ಹೋಗಿ ತೊಳೆಯಲು ಆಗುತ್ತದೆಯೆ? ಇದರ ಹಿಂದೆ ಒಂದು ಚರಿತ್ರೆ ಇದೆಯೆಂದು ಆಮೇಲೆ ತಿಳಿಯಿತು. ಅಮೆರಿಕದ ವಿನ್ಯಾಸಕರಾದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ 1958ರಲ್ಲಿ ಭಾರತ ಸರ್ಕಾರಕ್ಕೆ ಒಂದು ವರದಿ ಕೊಟ್ಟರು. ಅದರಲ್ಲಿ ತಂಬಿಗೆಯನ್ನೇ ಎದುರಿಗಿಟ್ಟುಕೊಂಡು ಇಂತಹ ಪ್ರಶ್ನೆಗಳ ದೊಡ್ಡ ಪಟ್ಟಿಯನ್ನೇ ಮಾಡಿದ್ದಾರೆ. ಆ ವರದಿಯ ಫಲವಾಗಿ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಸ್ಥಾಪನೆಯಾಯಿತು.

ಇನ್ನೊಂದು ದಿನ ಕುರ್ಚಿಯನ್ನು ಬಿಡಿಸಲು ಹೇಳಿದರು. ಆದರೆ ಕುರ್ಚಿಗೆ ಗೆರೆ ಎಳೆಯುವಂತಿರಲಿಲ್ಲ. ಕಾಲುಗಳ ನಡುವಿನ, ಬೆನ್ನಿನ ಪಟ್ಟಿಗಳ ನಡುವಿನ ಖಾಲಿ ಜಾಗಗಳನ್ನು ಮಾತ್ರ ಬಿಡಿಸಬೇಕು. ಖಾಲಿ ಜಾಗಗಳು ಸರಿಯಾಗಿ ಬಂದರೆ ಕುರ್ಚಿ ತಾನಾಗಿಯೇ ಹಾಳೆಯ ಮೇಲೆ ಮೂಡುತ್ತದೆ. ನನ್ನದು ಮೂರನೇ ಸಲಕ್ಕೆ ಮೂಡಿತು. ಇಲ್ಲದಿರುವುದನ್ನೂ ನೋಡಬೇಕು ಎಂದು ಅಲ್ಲಿ ಕಲಿತವಳೇ ಒಂದು ರಂಧ್ರಕ್ಕೆ ಕಪ್ಪು ಬಣ್ಣ ತುಂಬಿ ಅದನ್ನು ವಸ್ತುವನ್ನಾಗಿ ಮಾಡಿಬಿಟ್ಟಿದ್ದೆ.

ಆದರೆ ಆ ಹತ್ತು ವಾರಗಳಲ್ಲಿ ನನ್ನನ್ನು ಹೆಚ್ಚು ಬದಲಿಸಿದ್ದು ವಿಮರ್ಶೆಯ ಗಂಟೆ. ಪ್ರತಿ ವಾರ ಎಲ್ಲರ ಕೆಲಸವನ್ನೂ ಗೋಡೆಗೆ ಅಂಟಿಸುತ್ತಿದ್ದರು. ನಿಯಮ ಮೂರೇ. ಕೆಲಸ ಮಾಡಿದವರು ಮೊದಲು ಬಾಯಿ ಬಿಡಬಾರದು. ನೋಡಿದವರು ತಮಗೆ ಕಂಡದ್ದನ್ನು ಹೇಳಬೇಕು. ಚೆನ್ನಾಗಿದೆ, ಚೆನ್ನಾಗಿಲ್ಲ ಎನ್ನುವಂತಿಲ್ಲ. ಕೊನೆಯದು, ಮುಂದಿನ ವಾರ ಅದೇ ಕೆಲಸವನ್ನು ಮತ್ತೆ ಮಾಡಿ ತರಬೇಕು. ಮೊದಲ ವಾರ ನಾನು ಮಾಡಿದ್ದು ಬಸ್ ನಿಲ್ದಾಣದ ಒಂದು ಸೂಚನಾ ಫಲಕ. ಒಬ್ಬರು, ‘ನನಗೆ ಮೊದಲು ಕಂಡದ್ದು ಹೂವಿನ ಅಂಚು, ಬಸ್ಸಿನ ಸಂಖ್ಯೆ ಹುಡುಕಬೇಕಾಯಿತು’ ಎಂದರು. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ನನಗೆ ಅಲ್ಲಿಯ ಇಂಗ್ಲಿಷ್ ಮಾತೇ ಅರ್ಧ ಅರ್ಥವಾಗುತ್ತಿರಲಿಲ್ಲ, ಇದು ಮಾತ್ರ ಚೆನ್ನಾಗಿ ಅರ್ಥವಾಯಿತು. ಕಣ್ಣು ತುಂಬಿ ಬಂತು. ಆದರೆ ಮುಂದಿನ ವಾರ ಅಂಚು ಹೋಯಿತು, ಸಂಖ್ಯೆ ದೊಡ್ಡದಾಯಿತು. ಅದೇ ವ್ಯಕ್ತಿ ದೂರದಿಂದಲೇ ಸಂಖ್ಯೆ ಓದಿದರು. ಮೊದಲ ಪ್ರಯತ್ನದಲ್ಲಿ ತಪ್ಪುವುದು ಅಪರಾಧವಲ್ಲ, ಅದು ಕೆಲಸದ ಒಂದು ಭಾಗ ಎಂದು ಯಾರೂ ಉಪದೇಶ ಮಾಡದೆ ನನಗೆ ತಿಳಿಯಿತು.

ಇದು ಕಲಾವಿದರ ಪದ್ಧತಿ, ನಮಗೆ ಏಕೆ ಎಂದು ಯಾರಾದರೂ ಕೇಳಬಹುದು. ಈ ಬಗೆಯ ಪ್ರವೇಶ ಕೋರ್ಸ್‌ನ ಮೂಲ 1919ರಲ್ಲಿ ಜರ್ಮನಿಯ ವೈಮರ್‌ನಲ್ಲಿ ಆರಂಭವಾದ ಬೌಹೌಸ್ ಶಾಲೆಯಲ್ಲಿದೆ. ಅಲ್ಲಿ ಪ್ರಾರಂಭಿಕ ಕೋರ್ಸ್ ರೂಪಿಸಿದ ಯೋಹಾನೆಸ್ ಇಟ್ಟೆನ್ ಸ್ವಿಟ್ಜರ್ಲೆಂಡಿನಲ್ಲಿ ಪ್ರಾಥಮಿಕ ಶಾಲಾ ಶಿಕ್ಷಕ ತರಬೇತಿ ಪಡೆದು ಪಾಠ ಹೇಳಿದ್ದವರು. ಮುಂದೆ ಅದೇ ಕೋರ್ಸ್ ನಡೆಸಿದ ಯೋಸೆಫ್ ಆಲ್ಬರ್ಸ್ ಕೂಡ ಪ್ರಾಥಮಿಕ ಶಾಲಾ ಮೇಷ್ಟರಾಗಿದ್ದವರೇ. ಆಲ್ಬರ್ಸ್ ತರಗತಿಗೆ ಹಳೆಯ ವೃತ್ತಪತ್ರಿಕೆಗಳ ಕಟ್ಟು ತಂದು, ಕಾಗದ ಹಾಳುಮಾಡದೆ, ಸಾಧ್ಯವಾದರೆ ಕತ್ತರಿ, ಅಂಟು ಇಲ್ಲದೆ ಏನಾದರೂ ಮಾಡಿ ಎನ್ನುತ್ತಿದ್ದರಂತೆ. ಆಮೇಲೆ ಎಲ್ಲವನ್ನೂ ನೆಲದ ಮೇಲಿಟ್ಟು ಎಲ್ಲರೂ ಸೇರಿ ನೋಡುತ್ತಿದ್ದರಂತೆ. ಅಗ್ಗದ ಸಾಮಗ್ರಿ, ಕೈಯಿಂದ ಮಾಡಿ ಕಲಿಯುವುದು, ಮಾಡಿದ್ದನ್ನು ಸೇರಿ ನೋಡುವುದು: ಇವು ನಮ್ಮ ಶಾಲೆಗಳಿಗೆ ಹೊರಗಿನವಲ್ಲ. ಶಾಲಾ ಶಿಕ್ಷಕರೇ ವಿನ್ಯಾಸ ಶಾಲೆಗೆ ಕೊಂಡೊಯ್ದದ್ದನ್ನು ನಾವು ಮರಳಿ ತಂದುಕೊಳ್ಳುವುದರಲ್ಲಿ ಸಂಕೋಚವೇನೂ ಬೇಕಿಲ್ಲ.

ಮತ್ತೆ ಪಾಪೆಯ ವಿಷಯ. ನೋಟ್ ಪುಸ್ತಕಗಳನ್ನು ಶಾಲೆಯ ಮಾರ್ಗದರ್ಶಕ ಶಿಕ್ಷಕಿಗೆ ತೋರಿಸಿದೆ. ‘ಮೇಡಂ, ಇದನ್ನೇ ಇನ್ನೊಂದು ಸಲ ಮಾಡಬಹುದಾ?’ ಎಂದು ಕೇಳಿದೆ. ಅವರು ನಕ್ಕು, ‘ಬಿ ಸೆಕ್ಷನ್‌ಗೆ ಇನ್ನೂ ಆಗಿಲ್ಲ, ಗುರುವಾರ ನನ್ನ ಪೀರಿಯಡ್ ತಗೊಳ್ಳಮ್ಮ’ ಎಂದರು. ಈ ಸಲ ಚಾರ್ಟ್ ಮಾಡಲಿಲ್ಲ. ಒಳಗೆಲ್ಲ ಬಿಳಿಯಾಗಿರುವ ಒಂದು ಸೀಮೆಸುಣ್ಣದ ಡಬ್ಬಿಯ ಮುಚ್ಚಳದಲ್ಲಿ ಸಣ್ಣ ತೂತು ಕೊರೆದೆ. ಮುಚ್ಚಿ ತೋರಿಸಿದಾಗ ತೂತು ಕಪ್ಪಗೆ ಕಾಣುತ್ತದೆ. ‘ಒಳಗೆ ಏನಿದೆ?’ ಎಂದು ಕೇಳಿದೆ. ‘ಕಪ್ಪು ಕಾಗದ ಇದೆ ಮಿಸ್’ ಎಂದರು. ಮುಚ್ಚಳ ತೆಗೆದೆ. ಬಿಳಿ! ತರಗತಿಯಲ್ಲಿ ಗದ್ದಲ ಎದ್ದಿತು. ಒಳಗೆ ಹೋದ ಬೆಳಕಿನಲ್ಲಿ ಬಹಳ ಸ್ವಲ್ಪವೇ ತೂತಿನಿಂದ ಹೊರಗೆ ಬರುತ್ತದೆ, ಅದಕ್ಕೇ ಕಪ್ಪು ಎಂಬ ವಿವರಣೆಗೆ ಅವರೇ ತಡಕಾಡುತ್ತ ಬಂದರು. ಆಮೇಲೆ ಇಬ್ಬಿಬ್ಬರು ಎದುರುಬದುರು ಕುಳಿತರು. ಒಬ್ಬರು ಅಂಗೈಯಿಂದ ಕಣ್ಣು ಮುಚ್ಚಿಕೊಂಡು, ಸ್ವಲ್ಪ ಹೊತ್ತಿನ ಮೇಲೆ ಕಿಟಕಿಯ ಕಡೆ ತಿರುಗಿ ತೆಗೆಯಬೇಕು. ಇನ್ನೊಬ್ಬರು ಪಾಪೆ ಕುಗ್ಗುವುದನ್ನು ನೋಡಬೇಕು. ‘ತೂತು ಸಣ್ಣ ಆಯ್ತು ಮಿಸ್!’ ಎಂದು ಒಬ್ಬ ಹುಡುಗಿ ಕೂಗಿದಳು. ಅವಳು ಗುಂಡು ಎನ್ನಲಿಲ್ಲ, ತೂತು ಎಂದಳು.

ಎರಡನೇ ಪಾಠವೂ ಪರಿಪೂರ್ಣವಾಗಿರಲಿಲ್ಲ. ಜೋಡಿ ಚಟುವಟಿಕೆಗೆ ಹೆಚ್ಚು ಹೊತ್ತು ಹೋಗಿ ರೆಟಿನಾಕ್ಕೆ ಸಮಯ ಸಾಲಲಿಲ್ಲ. ಎ ಸೆಕ್ಷನ್‌ನ ಮಕ್ಕಳ ತಪ್ಪನ್ನು ಮರುದಿನ ಹತ್ತು ನಿಮಿಷ ಬೇಡಿ ಪಡೆದು, ಅದೇ ಡಬ್ಬಿ ತೋರಿಸಿ ಸರಿಪಡಿಸಿದೆ. ಆದರೆ ನಾನು ಶಿಕ್ಷಕಿಯಾಗಿ ಏನಾದರೂ ಕಲಿತಿದ್ದರೆ ಅದು ಮೊದಲ ಪಾಠಕ್ಕೂ ಎರಡನೆಯದಕ್ಕೂ ನಡುವಿನ ಆ ಮೂರು ದಿನಗಳಲ್ಲಿ.

ಆ ಎರಡನೇ ಪಾಠ ನನ್ನ ಕಡತದಲ್ಲಿಲ್ಲ. ಪ್ರತಿ ಪಾಠಕ್ಕೂ ಹೊಸ ಶೀರ್ಷಿಕೆ, ಹೊಸ ಪಾಠ ಯೋಜನೆ ಇರಬೇಕು. ಒಮ್ಮೆ ಮಾಡಿದ ಪಾಠ ಮತ್ತೆ ಲೆಕ್ಕಕ್ಕೆ ಬರುವುದಿಲ್ಲ. ಹೀಗಾಗಿ ನಾವು ಏನು ಮಾಡುತ್ತೇವೆ? ಪಾಠ ಮುಗಿಯುತ್ತದೆ, ಸಹಿ ಬೀಳುತ್ತದೆ, ಚಾರ್ಟ್ ಸುರುಳಿ ಸುತ್ತಿ ಮೂಲೆ ಸೇರುತ್ತದೆ, ಮರುದಿನದ ಪಾಠಕ್ಕೆ ಓಟ. ಹಿಮ್ಮಾಹಿತಿ ಬರೆದಿರುತ್ತಾರೆ, ಆದರೆ ಅದನ್ನು ಬಳಸಲು ನಮಗೆ ಜಾಗವಿಲ್ಲ. ‘ಧ್ವನಿ ಏರಬೇಕು’ ಎಂಬುದನ್ನು ಮುಂದಿನ ಪಾಠದಲ್ಲಿ ಪಾಲಿಸಬಹುದು. ‘ಪಾಪೆಯನ್ನು ಹೀಗೆ ತೋರಿಸಬಾರದು’ ಎಂಬುದನ್ನು ಪಾಲಿಸಬೇಕಾದರೆ ಪಾಪೆಯ ಪಾಠವನ್ನೇ ಮತ್ತೆ ಮಾಡಬೇಕು.

ಇದು ನಮಗೆ ಹೊಸ ವಿಚಾರವೂ ಅಲ್ಲ. 1960ರ ದಶಕದಲ್ಲಿ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಸೂಕ್ಷ್ಮ ಬೋಧನೆಯ ಜೀವಾಳವೇ ಮರುಬೋಧನೆ. ನಾವೆಲ್ಲ ಬಾಯಿಪಾಠ ಮಾಡಿರುವ ಭಾರತೀಯ ಮಾದರಿಯಲ್ಲಿ ಬೋಧನೆಗೆ 6 ನಿಮಿಷ, ಹಿಮ್ಮಾಹಿತಿಗೆ 6, ಮರುಯೋಜನೆಗೆ 12, ಮರುಬೋಧನೆಗೆ 6, ಮರುಹಿಮ್ಮಾಹಿತಿಗೆ 6, ಒಟ್ಟು 36 ನಿಮಿಷ. ಇದರಲ್ಲಿ ಅತಿ ಹೆಚ್ಚು ಸಮಯ ಇರುವುದು ಮರುಯೋಜನೆಗೆ. ಪರೀಕ್ಷೆಯಲ್ಲಿ ಈ ಚಕ್ರವನ್ನು ಬರೆದು ಅಂಕ ಪಡೆಯುತ್ತೇವೆ. ಆದರೆ ಸಮಯ ಸಾಲದೆ ಮರುಬೋಧನೆಯನ್ನು ಕಡತದಲ್ಲಿ ಮಾತ್ರ ‘ಮಾಡಿ’ ಮುಗಿಸಿದವರು ನಮ್ಮಲ್ಲಿ ಎಷ್ಟು ಜನ ಎಂದು ಪ್ರಾಮಾಣಿಕವಾಗಿ ಕೇಳಿಕೊಳ್ಳೋಣ. ನಾನಂತೂ ಆ ಗುಂಪಿನವಳೇ. ಗೆಳತಿಯರೆದುರಿನ ಆರು ನಿಮಿಷಕ್ಕೆ ಅಗತ್ಯವೆಂದು ಒಪ್ಪಿಕೊಂಡದ್ದನ್ನು ನಿಜವಾದ ಮಕ್ಕಳೆದುರಿನ ಇಡೀ ಪಾಠಕ್ಕೆ ಬಂದಾಗ ಕೈಬಿಡುತ್ತಿದ್ದೇವೆ.

ಆದ್ದರಿಂದ ನನ್ನ ಕೋರಿಕೆ ಸರಳ. ಪ್ರತಿ ವಿಧಾನ ವಿಷಯದಲ್ಲೂ ನಿಗದಿತ ಪಾಠಗಳ ಪೈಕಿ ಎರಡನ್ನು ಒಂದೇ ಪಾಠದ ಎರಡು ಪ್ರಯತ್ನಗಳೆಂದು ಲೆಕ್ಕಕ್ಕೆ ತೆಗೆದುಕೊಳ್ಳಲಿ. ಎರಡರ ನಡುವೆ ಮಕ್ಕಳ ಬರಹವನ್ನು ನೋಡಿ ಏನು ಬದಲಿಸಿದೆ, ಏಕೆ ಬದಲಿಸಿದೆ ಎಂದು ಪ್ರಶಿಕ್ಷಣಾರ್ಥಿ ಒಂದು ಪುಟ ಬರೆಯಲಿ. ಅಂಕ ಆ ಬದಲಾವಣೆಗೆ ಸಿಗಲಿ. ವಿಮರ್ಶಾ ಪಾಠದ ದಿನ ಸಹಪಾಠಿಗಳು ಮೊದಲು ತಮಗೆ ಕಂಡದ್ದನ್ನು ಮಾತ್ರ ಹೇಳಲಿ: ‘ಮೂರನೇ ಸಾಲಿನ ಹುಡುಗ ಚಾರ್ಟ್ ಓದಲು ಎದ್ದು ನಿಂತ’, ‘ನೀನು ಕೇಳಿದ ಎಂಟು ಪ್ರಶ್ನೆಗಳಿಗೂ ಮುಂದಿನ ಸಾಲಿನವರೇ ಉತ್ತರಿಸಿದರು’. ಇಂತಹ ಮಾತಿನ ಮೇಲೆ ಕೆಲಸ ಮಾಡಬಹುದು. ‘ತುಂಬಾ ಚೆನ್ನಾಗಿತ್ತು’ ಎಂಬುದರ ಮೇಲೆ ಏನೂ ಮಾಡಲಾಗದು. ಚಾರ್ಟ್ ಸಿದ್ಧವಾದ ಮೇಲೆ ಕೊನೆಯ ಬೆಂಚಿನಲ್ಲಿ ಕುಳಿತು ಓದಿ ನೋಡುವುದು ಪಾಠ ಯೋಜನೆಯ ಒಂದು ಹಂತವಾಗಲಿ.

ಆಕ್ಷೇಪಗಳಿವೆ. ಮಕ್ಕಳೇನು ಪ್ರಯೋಗದ ವಸ್ತುಗಳೇ ಎಂದು ಕೇಳಬಹುದು. ಈ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಕಾಗದ ಹರಿದರೆ ಇನ್ನೊಂದು ಹಾಳೆ ಸಿಗುತ್ತದೆ, ಮಗು ಹಾಗಲ್ಲ. ವಿನ್ಯಾಸಕ್ಕೂ ಬೋಧನೆಗೂ ಇರುವ ದೊಡ್ಡ ವ್ಯತ್ಯಾಸ ಇದೇ. ಆದರೆ ಈಗಿನ ವ್ಯವಸ್ಥೆಯಲ್ಲಿ ತಪ್ಪಾದ ಪಾಠ ತಪ್ಪಾಗಿಯೇ ಉಳಿದು, ನಾವು ಶಾಲೆ ಬಿಟ್ಟು ಬರುತ್ತೇವೆ. ಮತ್ತೆ ಮಾಡುವ ಪದ್ಧತಿಯಿದ್ದರೆ ಮೊದಲ ತರಗತಿಗೆ ಮರಳಿ ಹೋಗಿ ಸರಿಪಡಿಸುವ ಹೊಣೆಯೂ ನಮ್ಮದಾಗುತ್ತದೆ. ಎರಡು ಸೆಕ್ಷನ್ ಇಲ್ಲದ ಶಾಲೆಗಳಲ್ಲಿ ಏನು ಮಾಡುವುದು? ಒಬ್ಬಳು ಒಂದು ಶಾಲೆಯಲ್ಲಿ ಮಾಡಿದ ಪಾಠವನ್ನು ಇಬ್ಬರೂ ಸೇರಿ ತಿದ್ದಿ, ಇನ್ನೊಬ್ಬಳು ತನ್ನ ಶಾಲೆಯಲ್ಲಿ ಮಾಡಬಹುದು. ಮೇಲ್ವಿಚಾರಣೆಯ ಪ್ರಶಿಕ್ಷಕರಿಗೆ ಕೆಲಸ ಹೆಚ್ಚುವುದಿಲ್ಲವೆ? ಪಾಠಗಳ ಒಟ್ಟು ಸಂಖ್ಯೆ ಅಷ್ಟೇ ಇರುತ್ತದೆ. ಒಂದು ಘಟಕ ಕಡಿಮೆಯಾಗುತ್ತದೆ, ನಿಜ. ಆ ನಷ್ಟವನ್ನು ನಾನು ಒಪ್ಪುತ್ತೇನೆ.

ಕೆಲಸಕ್ಕೆ ಸೇರಿದ ಮೇಲೆ ವರ್ಷ ವರ್ಷವೂ ಅದೇ ಪಾಠಗಳನ್ನು ಹೇಳುವುದು ಇದ್ದೇ ಇದೆ. ಆಗ ಕಳೆದ ವರ್ಷದ ಟಿಪ್ಪಣಿಯನ್ನೇ ಓದಿ ಮುಗಿಸುವ ಶಿಕ್ಷಕಿಯಾಗುತ್ತೇನೋ, ಕಳೆದ ವರ್ಷ ಮಕ್ಕಳಿಗೆ ಎಲ್ಲಿ ತಿಳಿಯಲಿಲ್ಲ ಎಂದು ನೆನಪಿಟ್ಟುಕೊಂಡು ತಿದ್ದುವ ಶಿಕ್ಷಕಿಯಾಗುತ್ತೇನೋ ಎಂಬುದು ಈ ಎರಡು ವರ್ಷಗಳ ರೂಢಿಯನ್ನು ಅವಲಂಬಿಸಿದೆ. ಆ ರೂಢಿ ಬೀಳಲು ನಮಗೆ ಒಂದು ಅವಕಾಶ ಬೇಕು. ಸೀಮೆಸುಣ್ಣದ ಡಬ್ಬಿ ಈಗಲೂ ನನ್ನ ಬ್ಯಾಗಿನಲ್ಲಿದೆ. ಮುಂದಿನ ಸಲ ತೂತನ್ನು ಇನ್ನೂ ಸ್ವಲ್ಪ ಚಿಕ್ಕದು ಮಾಡಬೇಕು. ಕಿಟಕಿಯ ಪಕ್ಕ ಕುಳಿತವರಿಗೆ ಒಳಗಿನ ಬಿಳಿ ಮೊದಲೇ ಕಂಡುಬಿಟ್ಟಿತ್ತು.