ಕಟ್ಟಳೆಗೆ ಮೊದಲು ಒಡಂಬಡಿಕೆ

ಲಂಡನ್ನಿನ ಶಾಲೆಗಳಲ್ಲಿ ಓದುವ ನಮ್ಮ ಮಕ್ಕಳು ಧರ್ಮಾಧ್ಯಯನದ ಪಾಠದಲ್ಲಿ ಯೆಹೂದ್ಯರ ಧರ್ಮಗ್ರಂಥದ ಪರಿಚಯ ಪಡೆದು, ಮನೆಗೆ ಬಂದು ಪ್ರಶ್ನೆ ಕೇಳುತ್ತಾರೆ. ಅದು ಹತ್ತು ಆಜ್ಞೆಗಳ, ವಿಧಿನಿಷೇಧಗಳ ಗ್ರಂಥವೆಂದು ಹೇಳಿ ನಾವು ಮಾತು ಮುಗಿಸುತ್ತೇವೆ. ಈ ಉತ್ತರ ಸಾಲದು. ಸರಿಯಾದ ಉತ್ತರಕ್ಕೆ ಕನ್ನಡವೇ ದಾರಿ ತೋರಬಲ್ಲದೆಂಬುದು ನಮ್ಮ ಅಭಿಪ್ರಾಯ.

ಹೀಬ್ರೂ ಭಾಷೆಯ ‘ಬೆರಿತ್’ ಎಂಬ ಪದಕ್ಕೆ ಕನ್ನಡ ಬೈಬಲ್ಲಿನಲ್ಲಿ ‘ಒಡಂಬಡಿಕೆ’ ಎಂಬ ಪದವಿದೆ. ‘ಒಡಂಬಡು’ ಎಂದರೆ ಸಮ್ಮತಿಸು. ಆಜ್ಞೆ ಮಾಡಲು ಒಬ್ಬನೇ ಸಾಕು. ಒಡಂಬಡಿಕೆಗೆ ಇಬ್ಬರು ಬೇಕು. ವಿಮೋಚನಕಾಂಡದ ಅನುಕ್ರಮವನ್ನು ಗಮನಿಸೋಣ. ಮೊದಲು ಈಜಿಪ್ಟಿನ ದಾಸ್ಯದಿಂದ ಬಿಡುಗಡೆ. ಅನಂತರ, 19ನೆಯ ಅಧ್ಯಾಯದಲ್ಲಿ, ಸೀನಾಯಿ ಬೆಟ್ಟದ ಬಳಿ ಜನರ ಒಪ್ಪಿಗೆ. ಹತ್ತು ಆಜ್ಞೆಗಳು ಬರುವುದು 20ನೆಯ ಅಧ್ಯಾಯದಲ್ಲಿ. ಅವು ಕೂಡ ತೊಡಗುವುದು ಆ ಬಿಡುಗಡೆಯ ನೆನಪಿನಿಂದಲೇ. ಸಂಬಂಧ ಮೊದಲು, ಕಟ್ಟಳೆ ಆಮೇಲೆ.

ಇದು ಸರಿಸಮಾನರ ಒಪ್ಪಂದವಲ್ಲ ಎಂಬುದೂ ನಿಜ. ಪ್ರಾಚೀನ ಹಿಟ್ಟೈಟ್ ಅರಸರು ತಮ್ಮ ಸಾಮಂತರೊಡನೆ ಮಾಡಿಕೊಂಡ ಒಪ್ಪಂದಗಳೊಡನೆ ವಿದ್ವಾಂಸರು ಇದನ್ನು ಹೋಲಿಸಿದ್ದಾರೆ. ಧರ್ಮೋಪದೇಶಕಾಂಡದಲ್ಲಿ ಪಾಲಿಸಿದವರಿಗೆ ಆಶೀರ್ವಾದ, ಮೀರಿದವರಿಗೆ ಶಾಪ, ಭೂಮ್ಯಾಕಾಶಗಳೇ ಸಾಕ್ಷಿ.

ಶಿಲಾಶಾಸನಗಳ ನಾಡಿನವರಾದ ನಮಗೆ ಈ ರೀತಿ ಹೊಸದೇನಲ್ಲ. ಶ್ರವಣಬೆಳಗೊಳದ 1368ರ ಶಾಸನವನ್ನೇ ನೋಡಬಹುದು. ಜೈನರಿಗೂ ಶ್ರೀವೈಷ್ಣವರಿಗೂ ವಿವಾದ ಉಂಟಾದಾಗ ಬುಕ್ಕರಾಯನು ಜೈನರ ಕೈಯನ್ನು ಹಿಡಿದು ಶ್ರೀವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಲ್ಲಿ ಭೇದವಿಲ್ಲವೆಂದು ಸಾರಿದನು. ಕಟ್ಟಳೆ ಬಂದದ್ದು ಅದರ ಮೇಲೆ: ಜೈನರು ಮನೆಗೊಂದು ಹಣದಂತೆ ವರ್ಷಕ್ಕೊಮ್ಮೆ ಕೊಡುವುದು, ಆ ಹಣದಿಂದ ಬೆಳಗೊಳದ ದೇವರ ರಕ್ಷಣೆಗೆ 20 ಮಂದಿ ಕಾವಲುಗಾರರನ್ನು ನೇಮಿಸುವುದು, ಮಿಕ್ಕ ಹಣದಲ್ಲಿ ಜಿನಾಲಯಗಳನ್ನು ಜೀರ್ಣೋದ್ಧಾರ ಮಾಡುವುದು. ಇಲ್ಲಿಯೂ ಸೂರ್ಯಚಂದ್ರರಿರುವವರೆಗಿನ ಮಾತುಂಟು, ಮೀರಿದವರಿಗೆ ಶಾಪವುಂಟು. ಕೈಗೆ ಕೈ ಕೂಡಿಸದೆ ಕಾವಲುಗಾರರನ್ನು ಮಾತ್ರ ನೇಮಿಸಿದ್ದರೆ ಆ ಶಾಂತಿಗೆ ಬುಡವೇ ಇರುತ್ತಿರಲಿಲ್ಲ.

ಹೀಬ್ರೂ ಧರ್ಮಶಾಸ್ತ್ರದಲ್ಲಿ ನಮ್ಮನ್ನು ಬಹಳವಾಗಿ ತಟ್ಟುವುದು ಪರದೇಶಿಯನ್ನು ಕುರಿತ ವಿಧಿ. ನಿಮ್ಮ ನಡುವೆ ಬಂದು ನೆಲೆಸಿದ ಅನ್ಯನನ್ನು ಪೀಡಿಸಬಾರದು, ಏಕೆಂದರೆ ಈಜಿಪ್ಟಿನಲ್ಲಿ ನೀವೂ ಅನ್ಯರೇ ಆಗಿದ್ದಿರಿ ಎಂಬುದು ಅದರ ತಾತ್ಪರ್ಯ. ಇಲ್ಲಿ ಕಟ್ಟಳೆಗೆ ಆಧಾರ ದಂಡನೆಯ ಭಯವಲ್ಲ, ನೆನಪು. ಆ ಗ್ರಂಥವನ್ನು ಕಾಪಾಡಿಕೊಂಡು ಬಂದ ಜನರನ್ನೇ 1290ರಲ್ಲಿ ಒಂದನೆಯ ಎಡ್ವರ್ಡ್ ದೊರೆ ಇಂಗ್ಲೆಂಡಿನಿಂದ ಹೊರಗಟ್ಟಿದನು. 1656ರವರೆಗೆ ಅವರಿಗೆ ಇಲ್ಲಿ ಬಹಿರಂಗವಾಗಿ ಬಾಳುವ ಅವಕಾಶವಿರಲಿಲ್ಲ. ಲಂಡನ್ ನಗರದ ಬೆವಿಸ್ ಮಾರ್ಕ್ಸ್ ಸಿನಗಾಗ್ 1701ರಿಂದ ಇಂದಿನವರೆಗೂ ಅವರ ಪ್ರಾರ್ಥನಾಸ್ಥಳವಾಗಿ ನಿಂತಿದೆ. ಮಕ್ಕಳೊಡನೆ ಒಮ್ಮೆ ಹೋಗಿ ನೋಡತಕ್ಕ ತಾಣವದು.

ನಮ್ಮಲ್ಲಿಯೂ ಅನೇಕರು ಈ ದೇಶದ ಪೌರತ್ವದ ಪ್ರತಿಜ್ಞೆಯನ್ನು ಸ್ವೀಕರಿಸಿದವರು. ಅಂಥ ಸಮಾರಂಭ ಮೊತ್ತಮೊದಲು ನಡೆದದ್ದು 2004ರ ಫೆಬ್ರವರಿಯಲ್ಲಿ, ಇದೇ ಲಂಡನ್ನಿನ ಬ್ರೆಂಟಿನಲ್ಲಿ. ಅದಕ್ಕೆ ಮೊದಲು ವರ್ಷಗಟ್ಟಲೆ ಅರ್ಜಿ, ಶುಲ್ಕ, ಪರೀಕ್ಷೆಗಳ ಕಟ್ಟಳೆಯನ್ನಷ್ಟೇ ಕಂಡಿದ್ದವರಿಗೆ, ಎದ್ದು ನಿಂತು ನಾಲ್ವರೆದುರು ಮಾತು ಕೊಡುವುದರ ತೂಕ ಅಂದು ತಿಳಿಯುತ್ತದೆ.

ಆದಕಾರಣ ನಮ್ಮ ಸಂಘಜೀವನಕ್ಕೂ ಇದು ಅನ್ವಯಿಸುತ್ತದೆ. ವಾರ್ಷಿಕ ಸಭೆಗಳಲ್ಲಿ ನಿಯಮಾವಳಿಯ ತಿದ್ದುಪಡಿಗಾಗಿ ಗಂಟೆಗಟ್ಟಲೆ ಚರ್ಚಿಸುತ್ತೇವೆ. ನಿಯಮಗಳು ಬೇಕು, ನಿಜ. ಆದರೆ ಈಗಷ್ಟೇ ಬಂದಿಳಿದು ಬಾಡಿಗೆ ಕೋಣೆ ಹುಡುಕುತ್ತಿರುವ ವಿದ್ಯಾರ್ಥಿ ಸಂಘದ ಬಾಗಿಲಿಗೆ ಬಂದರೆ, ಸದಸ್ಯತ್ವದ ಶುಲ್ಕ ಕಟ್ಟಿದ್ದಾನೆಯೇ ಎಂದು ಮೊದಲು ಕೇಳುತ್ತೇವೆಯೋ, ಊಟವಾಯಿತೇ ಎಂದು ಕೇಳುತ್ತೇವೆಯೋ? ಹೀಥ್ರೂವಿನಲ್ಲಿ ಎರಡು ಪೆಟ್ಟಿಗೆ ಹಿಡಿದು ನಿಂತ ನಮ್ಮ ಮೊದಲ ದಿನವನ್ನು ನೆನೆದರೆ, ಯಾವುದನ್ನು ಮೊದಲು ಕೇಳಬೇಕೆಂಬುದು ನಮಗೆ ಗೊತ್ತಿರಬೇಕು. ಮುಂದಿನ ಸಭೆಯಲ್ಲಿ ತಿದ್ದುಪಡಿಗಳಿಗಿಂತ ಮೊದಲು ಈ ವಿಷಯವನ್ನು ಎತ್ತಿಕೊಳ್ಳಬೇಕೆಂದು ಓದುಗರಲ್ಲಿ ನಮ್ಮ ವಿನಂತಿ.